ಓಟವೂ ಪಾಸೂ ಹೊಂದದ ದಾಳಿ: ದೋಷ ಹುಡುಕುವ ಕ್ರಮ

ಅಮೆರಿಕನ್ ಫುಟ್‌ಬಾಲ್ ತಂಡವೊಂದು ಸೋತ ಮರುದಿನ ಕೇಳಿಬರುವ ದೂರುಗಳಲ್ಲಿ ಅತಿ ಸಾಮಾನ್ಯವಾದದ್ದು, ಓಟ ಮತ್ತು ಪಾಸ್‌ಗಳ ನಡುವೆ ಸಮತೋಲನ ತಪ್ಪಿತು ಎಂಬುದು. ಈ ದೂರು ಅನೇಕ ಸಲ ನಿಜವೇ ಆಗಿರುತ್ತದೆ. ಆದರೆ ದೋಷ ಎಲ್ಲಿದೆ ಎಂದು ಅದು ಹೇಳುವುದಿಲ್ಲ. ಪಂದ್ಯ ಮುಗಿದ ಮೇಲೆ ಕಾಣುವ ಒಟ್ಟು ಅನುಪಾತವು ಹಲವು ಕಾರಣಗಳ ಫಲವಾಗಿರುತ್ತದೆ, ಮತ್ತು ಆ ಕಾರಣಗಳನ್ನು ಒಂದೊಂದಾಗಿ ಬಿಡಿಸದೆ "ಮುಂದಿನ ವಾರ ಇನ್ನಷ್ಟು ಓಡಿಸೋಣ" ಎಂದು ನಿರ್ಧರಿಸಿದರೆ ಸರಿಯಾಗಿದ್ದ ಭಾಗವೂ ಕೆಡುವ ಸಾಧ್ಯತೆಯಿದೆ. ಅಮೆರಿಕದಲ್ಲಿ ನೆಲೆಸಿ, ಮಕ್ಕಳ ಶಾಲಾ ತಂಡಕ್ಕೆ ಶುಕ್ರವಾರ ರಾತ್ರಿಯ ಪಂದ್ಯದ ಲೆಕ್ಕ ಬರೆದುಕೊಡುವ ಕನ್ನಡದ ಪೋಷಕರನ್ನೂ, ಅಲ್ಲಿನ ವೃತ್ತಿಪರ ಲೀಗ್ ಆದ ಎನ್‌ಎಫ್‌ಎಲ್‌ನ ಪಂದ್ಯಗಳನ್ನು ಗಂಭೀರವಾಗಿ ನೋಡುವವರನ್ನೂ ಮನಸ್ಸಿನಲ್ಲಿಟ್ಟುಕೊಂಡು ಈ ಕ್ರಮವನ್ನು ಬರೆದಿದ್ದೇನೆ. ಸ್ನ್ಯಾಪ್‌ನಿಂದ, ಅಂದರೆ ಚೆಂಡನ್ನು ಹಿಂದಕ್ಕೆ ಕೊಟ್ಟು ಆಟ ಆರಂಭಿಸುವ ಕ್ಷಣದಿಂದ, ಸೀಟಿಯವರೆಗಿನ ಒಂದೊಂದು ಆಟದ ತುಣುಕನ್ನು ಇಲ್ಲಿ "ನಡೆ" ಎಂದು ಕರೆದಿದ್ದೇನೆ.

ಮೊದಲಿಗೆ, ಸಮತೋಲನವೆಂದರೆ ಅರ್ಧಕ್ಕರ್ಧ ಎಂಬ ಅಳತೆಯನ್ನು ಬದಿಗಿಡಬೇಕು. ಮುಂದಕ್ಕೆ ಪಾಸ್ ಎಸೆಯುವುದು 1906ರಲ್ಲಿ ನಿಯಮಬದ್ಧವಾದರೂ, 1970ರ ದಶಕದಲ್ಲಿಯೂ ಎನ್‌ಎಫ್‌ಎಲ್ ತಂಡಗಳು ಪಾಸ್‌ಗಿಂತ ಓಟವನ್ನೇ ಹೆಚ್ಚು ನೆಚ್ಚಿಕೊಂಡಿದ್ದವು. 1978ರಲ್ಲಿ ಲೈನ್‌ಮನ್‌ಗಳು (ಮುಂದಿನ ಸಾಲಿನಲ್ಲಿ ನಿಂತು ಎದುರಾಳಿಗಳನ್ನು ತಡೆಯುವವರು) ತೋಳು ಚಾಚಿ, ಅಂಗೈ ಬಿಡಿಸಿ ತಡೆಯಬಹುದೆಂಬ ನಿಯಮವೂ, ಐದು ಯಾರ್ಡ್‌ಗಳ ಆಚೆ ರಿಸೀವರನ್ನು (ಪಾಸ್ ಹಿಡಿಯುವವನನ್ನು) ತಳ್ಳಬಾರದೆಂಬ ನಿಯಮವೂ ಬಂದ ಮೇಲೆ ಪಾಸ್‌ನ ಬೆಲೆ ಏರಿತು. ಇಂದು ಆ ಲೀಗ್‌ನಲ್ಲಿ ಪಾಸ್ ಸ್ಪಷ್ಟವಾಗಿ ಮುಂದಿದೆ. ಯಾವ ಅನುಪಾತ ಸರಿ ಎಂಬುದು ನಿಯಮ, ಆಟಗಾರರು ಮತ್ತು ಎದುರಾಳಿಯನ್ನು ಅವಲಂಬಿಸಿರುವುದರಿಂದ, ಬೇರೊಂದು ಕಾಲದ ಅಥವಾ ಬೇರೊಂದು ಮಟ್ಟದ ಸಂಖ್ಯೆಯನ್ನು ತಂದು ನಮ್ಮ ತಂಡಕ್ಕೆ ಹಚ್ಚುವುದು ಸಲ್ಲದು. ನಾವು ಕೇಳಬೇಕಾದ ಪ್ರಶ್ನೆ ಒಂದೇ: ಈ ಡೌನ್‌ನಲ್ಲಿ (10 ಯಾರ್ಡ್ ಮುಂದೆ ಸಾಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಒಂದು), ಈ ದೂರದಲ್ಲಿ, ಆಟಗಾರರು ಹೀಗೆ ನಿಂತಿರುವಾಗ ಮುಂದೇನು ಬರುತ್ತದೆ ಎಂದು ಎದುರಾಳಿ ಊಹಿಸಬಲ್ಲನೇ?

ಲೆಕ್ಕದ ಹಾಳೆಯನ್ನು ಸರಿಪಡಿಸುವುದು

ಹುಡುಕಾಟ ಆರಂಭವಾಗಬೇಕಾದದ್ದು ಮೈದಾನದಿಂದಲ್ಲ, ಹಾಳೆಯಿಂದ. ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ದಾಳಿಯನ್ನು ನಡೆಸಿ ಪಾಸ್ ಎಸೆಯುವ ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವ ಮೊದಲೇ ಸಿಕ್ಕಿಬಿದ್ದರೆ, ಅಂದರೆ ಸ್ಯಾಕ್ ಆದರೆ, ಆ ನಷ್ಟವನ್ನು ಓಟದ ಖಾತೆಗೆ ಬರೆಯುತ್ತಾರೆ. ಎನ್‌ಎಫ್‌ಎಲ್‌ನಲ್ಲಿ ಅದು ಪಾಸ್‌ನ ಖಾತೆಗೆ ಹೋಗುತ್ತದೆ. ಪಾಸ್ ಎಸೆಯಲೆಂದು ಹಿಂದೆ ಸರಿದ ಕ್ವಾರ್ಟರ್‌ಬ್ಯಾಕ್ ಯಾರೂ ಸಿಗದೆ ತಾನೇ ಓಡಿದರೆ ಎರಡೂ ಕಡೆ ಅದು ಓಟವೆಂದೇ ದಾಖಲಾಗುತ್ತದೆ. ಗೆಲುವು ಖಚಿತವಾದಾಗ ಗಡಿಯಾರ ಕಳೆಯಲೆಂದು ಮಂಡಿಯೂರುವ ನಡೆಯೂ ಓಟವೇ. ಹೀಗಾಗಿ ಹಾಳೆಯಲ್ಲಿರುವ ಓಟದ ಸಂಖ್ಯೆಗೂ ತರಬೇತುದಾರರು ನಿಜವಾಗಿ ಕರೆದ ಓಟಗಳ ಸಂಖ್ಯೆಗೂ ದೊಡ್ಡ ಅಂತರವಿರಬಹುದು.

ಒಂದು ಕಾಲ್ಪನಿಕ ಹಾಳೆಯನ್ನು ತೆಗೆದುಕೊಳ್ಳೋಣ. ಕಾಲೇಜಿನ ಪದ್ಧತಿಯಲ್ಲಿ ಬರೆದ ಆ ಹಾಳೆಯಲ್ಲಿ 32 ಓಟಗಳಿಂದ 80 ಯಾರ್ಡ್, 28 ಪಾಸ್‌ಗಳಿಂದ 180 ಯಾರ್ಡ್ ಎಂದಿದೆ. ಓಟಕ್ಕೆ ಸರಾಸರಿ 2.5 ಯಾರ್ಡ್, ಪಾಸ್‌ಗೆ 6.4 ಯಾರ್ಡ್. ಇಷ್ಟನ್ನೇ ನೋಡಿದವರು ಓಟ ಸತ್ತುಹೋಗಿದೆ, ಪಾಸ್ ಹೆಚ್ಚಿಸಬೇಕು ಎಂದು ತೀರ್ಮಾನಿಸುತ್ತಾರೆ. ಈಗ ವಿಡಿಯೊ ನೋಡುತ್ತ ಪ್ರತಿ ನಡೆಯನ್ನು ಅದು ಕರೆಯಲಾದ ಉದ್ದೇಶಕ್ಕೆ ತಕ್ಕಂತೆ ಮರಳಿ ವಿಂಗಡಿಸಿದಾಗ, ಆ 32ರಲ್ಲಿ 5 ಸ್ಯಾಕ್‌ಗಳು (35 ಯಾರ್ಡ್ ನಷ್ಟ), 4 ಸಲ ಕ್ವಾರ್ಟರ್‌ಬ್ಯಾಕ್ ಪಾಸ್ ಬಿಟ್ಟು ಓಡಿದ್ದು (29 ಯಾರ್ಡ್ ಲಾಭ), 3 ಸಲ ಮಂಡಿಯೂರಿದ್ದು (6 ಯಾರ್ಡ್ ನಷ್ಟ) ಎಂದು ತಿಳಿಯುತ್ತದೆ. ಉಳಿದದ್ದು ಕರೆದ 20 ಓಟಗಳು, ಅವುಗಳಿಂದ 92 ಯಾರ್ಡ್, ಅಂದರೆ ಸರಾಸರಿ 4.6. ಕರೆದ ಪಾಸ್‌ಗಳು 37, ಅವುಗಳಿಂದ ನಿವ್ವಳ 174 ಯಾರ್ಡ್, ಅಂದರೆ ಸರಾಸರಿ 4.7. ಓಟವೂ ಪಾಸೂ ಈಗ ಒಂದೇ ಮಟ್ಟದಲ್ಲಿವೆ, ಮತ್ತು ದೋಷ ಇರುವುದು ಪಾಸ್ ಎಸೆಯುವವನ ರಕ್ಷಣೆಯಲ್ಲಿ. ಮೂಲ ಹಾಳೆಯನ್ನು ನಂಬಿ ಪಾಸ್ ಹೆಚ್ಚಿಸಿದ್ದರೆ ಆ ದೋಷವೇ ಇನ್ನಷ್ಟು ಬೆಳೆಯುತ್ತಿತ್ತು. ಈ ವಿಂಗಡಣೆಗೆ ಒಂದು ಸಂಜೆ ಸಾಕು, ಮತ್ತು ಇದನ್ನು ಮಾಡದೆ ಮುಂದಿನ ಯಾವ ಹಂತಕ್ಕೂ ಹೋಗಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಸರಾಸರಿಯೂ ಪೂರ್ತಿ ನಂಬಿಕೆಗೆ ಅರ್ಹವಲ್ಲ. ಹತ್ತು ಓಟಗಳಲ್ಲಿ ಒಂಬತ್ತು ತಲಾ 2 ಯಾರ್ಡ್ ತಂದು, ಒಂದು ಮಾತ್ರ 40 ಯಾರ್ಡ್ ತಂದರೆ ಸರಾಸರಿ 5.8 ಆಗುತ್ತದೆ, ಆದರೆ ಆ ತಂಡ ಹತ್ತರಲ್ಲಿ ಒಂಬತ್ತು ಸಲ ಕಷ್ಟದಲ್ಲಿಯೇ ಸಿಕ್ಕಿಕೊಂಡಿರುತ್ತದೆ. ಆದ್ದರಿಂದ ಪ್ರತಿ ನಡೆಯ ಮುಂದೆ ಅದು ಸಫಲವೋ ವಿಫಲವೋ ಎಂದು ಗುರುತು ಹಾಕಿ. ಮೊದಲ ಡೌನ್‌ನಲ್ಲಿ ಬೇಕಾದ ದೂರದ ಶೇಕಡಾ 40, ಎರಡನೆಯದರಲ್ಲಿ ಉಳಿದ ದೂರದ ಶೇಕಡಾ 60, ಮೂರು ಮತ್ತು ನಾಲ್ಕನೆಯದರಲ್ಲಿ ಪೂರ್ತಿ ದೂರ ಕ್ರಮಿಸಿದರೆ ಸಫಲ ಎಂಬ ಅಳತೆ ವಿಶ್ಲೇಷಕರಲ್ಲಿ ಬಹುಕಾಲದಿಂದ ಬಳಕೆಯಲ್ಲಿದೆ, ಮತ್ತು ಶಾಲಾ ತಂಡಕ್ಕೂ ಅದು ಸಾಕು.

ಗಡಿಯಾರ ಮತ್ತು ಅಂಕಗಳ ಒತ್ತಡವಿಲ್ಲದ ಡೌನ್‌ಗಳು

ಮುಂದಿರುವ ತಂಡ ಗಡಿಯಾರ ಓಡಲೆಂದು ಓಟವನ್ನು ಆರಿಸಿಕೊಳ್ಳುತ್ತದೆ. ಹಿಂದಿರುವ ತಂಡ ಸಮಯ ಉಳಿಸಲು ಪಾಸ್ ಎಸೆಯುತ್ತದೆ. ಹೀಗಾಗಿ ಹೆಚ್ಚು ಓಡಿದ ತಂಡಗಳು ಹೆಚ್ಚು ಗೆದ್ದಂತೆ ಕಾಣುತ್ತವೆ, ಆದರೆ ಬಹಳಷ್ಟು ಸಂದರ್ಭಗಳಲ್ಲಿ ಅವು ಗೆಲ್ಲುತ್ತಿದ್ದುದರಿಂದಲೇ ಹೆಚ್ಚು ಓಡಿರುತ್ತವೆ. ಈ ಗೊಂದಲವನ್ನು ತೆಗೆಯಲು ಮೊದಲ ಮೂರು ಕ್ವಾರ್ಟರ್‌ಗಳ, ಅಂಕಗಳ ಅಂತರ 8ರ ಒಳಗಿದ್ದಾಗಿನ, ಮೊದಲ ಮತ್ತು ಎರಡನೇ ಡೌನ್‌ಗಳನ್ನು ಮಾತ್ರ ಬೇರೆ ಮಾಡಿ, ಮೊದಲಾರ್ಧದ ಕೊನೆಯ ಎರಡು ನಿಮಿಷಗಳನ್ನು ಬಿಟ್ಟುಬಿಡಿ. ಉಳಿಯುವ ನಡೆಗಳಲ್ಲಿ ತರಬೇತುದಾರರು ಯಾವ ಬಲವಂತವೂ ಇಲ್ಲದೆ ಏನನ್ನು ಆಯ್ದುಕೊಂಡರು ಎಂಬುದು ಕಾಣುತ್ತದೆ. ಆ ಗುಂಪಿನಲ್ಲಿ ಅನುಪಾತ ಸಮಂಜಸವಾಗಿದ್ದು ಇಡೀ ಪಂದ್ಯದ ಲೆಕ್ಕದಲ್ಲಿ ಮಾತ್ರ ಪಾಸ್ ಅತಿಯಾಗಿದ್ದರೆ, ತಂಡ ಹಿಂದೆ ಬಿದ್ದದ್ದೇ ಅದಕ್ಕೆ ಕಾರಣ. ಅಂಥಲ್ಲಿ ನಡೆಗಳ ಆಯ್ಕೆಯನ್ನು ದೂರದೆ ತಂಡ ಹಿಂದೆ ಬಿದ್ದದ್ದೇಕೆ ಎಂದು ಹುಡುಕಬೇಕು.

ಇದೇ ಗುಂಪಿನಲ್ಲಿ ಇನ್ನೊಂದನ್ನು ನೋಡಬೇಕು. ಮೊದಲ ಡೌನ್‌ನ ಪಾಸ್ ವಿಫಲವಾಗಿ ಎರಡನೇ ಡೌನ್‌ಗೆ 10 ಯಾರ್ಡ್ ಉಳಿದಾಗ ತಂಡ ಏನು ಮಾಡುತ್ತದೆ? ಹಲವು ತರಬೇತುದಾರರು ಇಲ್ಲಿ ಯಾಂತ್ರಿಕವಾಗಿ ಓಟವನ್ನು ಕರೆಯುತ್ತಾರೆ. ಪಾಸ್ ಆಯಿತು, ಈಗ ಓಟ ಎಂಬ ಲೆಕ್ಕಾಚಾರ ಅದರ ಹಿಂದೆ ಇರುತ್ತದೆ. ಮೂರು ಯಾರ್ಡ್ ಸಿಕ್ಕಿ ಮೂರನೇ ಡೌನ್‌ಗೆ ಏಳು ಉಳಿದರೆ ಎದುರಾಳಿಗೆ ಮುಂದಿನದು ಪಾಸ್ ಎಂದು ತಿಳಿದೇ ಇರುತ್ತದೆ. ಸಮತೋಲನ ಕಾಪಾಡಬೇಕೆಂಬ ಆಸೆಯೇ ಊಹಿಸಬಹುದಾದ ಅಭ್ಯಾಸವಾಗುವುದು ಹೀಗೆ, ಮತ್ತು ಒಟ್ಟು ಅನುಪಾತ ಅರ್ಧಕ್ಕರ್ಧ ಇರುವ ತಂಡಗಳಲ್ಲಿ ಈ ದೋಷ ಅಡಗಿ ಕುಳಿತಿರುತ್ತದೆ.

ಓಟ ಸಾಗದಿದ್ದರೆ

ಸರಿಪಡಿಸಿದ ಲೆಕ್ಕದಲ್ಲಿಯೂ ಓಟ ವಿಫಲವಾಗುತ್ತಿದ್ದರೆ, ಸ್ನ್ಯಾಪ್ ಆಗುವ ಕ್ಷಣದಲ್ಲಿ ವಿಡಿಯೊ ನಿಲ್ಲಿಸಿ ಎರಡು ಸಂಖ್ಯೆಗಳನ್ನು ಬರೆದುಕೊಳ್ಳಿ: ಸ್ಕ್ರಿಮೇಜ್ ಗೆರೆಯ (ಚೆಂಡು ಇಟ್ಟಿರುವ ಗೆರೆಯ) ಬಳಿ ಗುಂಪುಗೂಡಿರುವ, ಬಾಕ್ಸ್ ಎಂದು ಕರೆಯುವ ಜಾಗದಲ್ಲಿ ಎಷ್ಟು ರಕ್ಷಕರಿದ್ದಾರೆ, ಮತ್ತು ಅವರನ್ನು ತಡೆಯಲು ನಮ್ಮವರು ಎಷ್ಟು ಮಂದಿ ಇದ್ದಾರೆ. ಐವರು ಲೈನ್‌ಮನ್‌ಗಳು ಮತ್ತು ಒಬ್ಬ ಟೈಟ್ ಎಂಡ್ (ಸಾಲಿನ ತುದಿಯಲ್ಲಿ ನಿಂತು ತಡೆಯುವ, ಪಾಸನ್ನೂ ಹಿಡಿಯುವ ಆಟಗಾರ) ಸೇರಿ ಆರು ಜನ ತಡೆಯುವಾಗ ಎದುರಿಗೆ ಏಳು ಜನ ನಿಂತಿದ್ದರೆ, ಆರೂ ಮಂದಿ ತಮ್ಮ ಕೆಲಸವನ್ನು ತಪ್ಪಿಲ್ಲದೆ ಮಾಡಿದರೂ ಒಬ್ಬ ರಕ್ಷಕ ಖಾಲಿಯಾಗಿ ಉಳಿದು ಓಟಗಾರನನ್ನು ಹಿಡಿಯುತ್ತಾನೆ. ಇಂಥ ನಡೆಗಳಲ್ಲಿ ಲೈನ್‌ಮನ್‌ಗಳನ್ನು ಬೈಯುವುದು ಅನ್ಯಾಯ. ಬಾಕ್ಸ್‌ನಲ್ಲಿ ಆರೇ ಜನರಿದ್ದಾಗಲೂ ಓಟ ಎರಡು ಯಾರ್ಡ್‌ಗೆ ನಿಂತರೆ ಮಾತ್ರ ತಡೆಯುವಿಕೆಯಲ್ಲಿ ದೋಷವಿದೆ ಎನ್ನಬಹುದು.

ಎದುರಾಳಿ ಪದೇ ಪದೇ ಏಳು ಎಂಟು ಜನರನ್ನು ಮುಂದೆ ತಂದು ನಿಲ್ಲಿಸುತ್ತಿದ್ದಾನೆ ಎಂದರೆ ಆತನಿಗೆ ನಮ್ಮ ಪಾಸ್‌ನ ಭಯವಿಲ್ಲ ಎಂದರ್ಥ. ಇದಕ್ಕೆ ಇಂದಿನ ಉತ್ತರಗಳಲ್ಲಿ ಒಂದು ಆರ್‌ಪಿಒ, ಅಂದರೆ ಓಟವೋ ಪಾಸೋ ಎಂಬುದನ್ನು ಸ್ನ್ಯಾಪ್ ಆದ ಮೇಲೆ ಒಬ್ಬ ನಿರ್ದಿಷ್ಟ ರಕ್ಷಕನ ಚಲನೆ ನೋಡಿ ಕ್ವಾರ್ಟರ್‌ಬ್ಯಾಕ್ ನಿರ್ಧರಿಸುವ ನಡೆ. ಆ ರಕ್ಷಕ ಓಟದ ಕಡೆ ನುಗ್ಗಿದರೆ ಅವನು ಬಿಟ್ಟ ಜಾಗಕ್ಕೆ ಪಾಸ್; ಅಲ್ಲೇ ನಿಂತರೆ ಓಟ. 2017ರ ಸಾಲಿನಲ್ಲಿ ಫಿಲಡೆಲ್ಫಿಯಾ ಈಗಲ್ಸ್ ತಂಡ ಇದನ್ನು ಧಾರಾಳವಾಗಿ ಬಳಸಿ ಎನ್‌ಎಫ್‌ಎಲ್‌ನ ಅಂತಿಮ ಪಂದ್ಯವಾದ ಸೂಪರ್ ಬೌಲ್ ಗೆದ್ದಿತು. ಪಾಸ್ ಎಸೆಯುವ ಹೊತ್ತಿಗೆ ಲೈನ್‌ಮನ್‌ಗಳು ಎನ್‌ಎಫ್‌ಎಲ್‌ನಲ್ಲಿ ಗೆರೆಯಿಂದ 1 ಯಾರ್ಡ್, ಕಾಲೇಜಿನಲ್ಲಿ 3 ಯಾರ್ಡ್‌ಗಿಂತ ಮುಂದೆ ಹೋಗಿರಬಾರದು. ಕಾಲೇಜು ತಂಡದ ವಿಡಿಯೊ ನೋಡಿ ಕಲಿತ ನಡೆಯನ್ನು ಬೇರೆ ಮಟ್ಟದಲ್ಲಿ ಹಾಗೆಯೇ ಆಡಿದರೆ ದಂಡ ಬೀಳುವುದು ಈ ಕಾರಣಕ್ಕೆ.

ನಿಂತ ಭಂಗಿಯೇ ಗುಟ್ಟು ಬಿಟ್ಟುಕೊಟ್ಟರೆ

ನನ್ನ ಮಟ್ಟಿಗೆ ಇದು ಅತ್ಯಂತ ಹೆಚ್ಚು ಗಮನ ಬೇಡುವ, ಅತ್ಯಂತ ಕಡಿಮೆ ಗಮನ ಪಡೆಯುವ ಭಾಗ. ಹಾಳೆಯಲ್ಲಿ ಪ್ರತಿ ನಡೆಗೆ ನಾಲ್ಕು ಅಂಕಣಗಳನ್ನು ಸೇರಿಸಿ: ಎಷ್ಟು ಟೈಟ್ ಎಂಡ್‌ಗಳು ಮತ್ತು ರನ್ನಿಂಗ್ ಬ್ಯಾಕ್‌ಗಳು (ಚೆಂಡು ಹಿಡಿದು ಓಡುವವರು) ಮೈದಾನದಲ್ಲಿದ್ದರು, ಕ್ವಾರ್ಟರ್‌ಬ್ಯಾಕ್ ತನಗೆ ಚೆಂಡು ಕೊಡುವ ಸೆಂಟರ್‌ನ ಬೆನ್ನಿಗೇ ನಿಂತಿದ್ದನೋ ಅಥವಾ ಶಾಟ್‌ಗನ್ ಎಂಬ ನಿಲುವಿನಲ್ಲಿ ಕೆಲವು ಯಾರ್ಡ್ ಹಿಂದೆ ನಿಂತಿದ್ದನೋ, ರನ್ನಿಂಗ್ ಬ್ಯಾಕ್ ಅವನ ಯಾವ ಬದಿಗಿದ್ದ, ಬಂದದ್ದು ಓಟವೋ ಪಾಸೋ. ಒಂದೇ ರೀತಿಯ ನಿಲುವಿನಿಂದ ಹತ್ತರಲ್ಲಿ ಒಂಬತ್ತು ಸಲ ಓಟವೇ ಬಂದಿದ್ದರೆ ಎದುರಾಳಿಯ ತರಬೇತುದಾರರೂ ಆ ವಿಡಿಯೊ ನೋಡಿರುತ್ತಾರೆ ಎಂದು ತಿಳಿಯಿರಿ. ಒಟ್ಟು ಲೆಕ್ಕದಲ್ಲಿ ಓಟ 30, ಪಾಸ್ 30 ಇದ್ದು, ಓಟಗಳೆಲ್ಲ ಎರಡು ಟೈಟ್ ಎಂಡ್‌ಗಳ ನಿಲುವಿನಿಂದಲೂ ಪಾಸ್‌ಗಳೆಲ್ಲ ಶಾಟ್‌ಗನ್‌ನಿಂದಲೂ ಬಂದಿದ್ದರೆ, ಆ ತಂಡದಲ್ಲಿ ಸಮತೋಲನ ಎಂಬುದು ಒಂದಿಷ್ಟೂ ಇಲ್ಲ.

ಇನ್ನೂ ಹತ್ತಿರದಿಂದ ನೋಡಬೇಕಾದದ್ದು ಗಾರ್ಡ್‌ಗಳ (ಸೆಂಟರ್‌ನ ಎರಡೂ ಬದಿಯ ಲೈನ್‌ಮನ್‌ಗಳ) ಕೈ. ನೆಲಕ್ಕೆ ಒಂದು ಕೈ ಊರಿ ಕುಳಿತ ಗಾರ್ಡ್ ಓಟದ ನಡೆಯಲ್ಲಿ ಮುಂದಕ್ಕೆ ನುಗ್ಗಬೇಕಾದ್ದರಿಂದ ಮೈಭಾರವನ್ನು ಬೆರಳುಗಳ ಮೇಲೆ ಹಾಕುತ್ತಾನೆ. ಬೆರಳ ತುದಿ ಹುಲ್ಲಿನಲ್ಲಿ ಹೂತು, ಗೆಣ್ಣುಗಳು ಬಿಳಿಚಿಕೊಳ್ಳುತ್ತವೆ, ಹಿಮ್ಮಡಿ ಎದ್ದಿರುತ್ತದೆ. ಪಾಸ್‌ನ ನಡೆಯಲ್ಲಿ ಹಿಂದೆ ಸರಿಯಬೇಕಾದ್ದರಿಂದ ಕೈ ನೆಲವನ್ನು ಸವರಿದಂತೆ ಇದ್ದು ಭಾರವೆಲ್ಲ ಸೊಂಟದ ಮೇಲಿರುತ್ತದೆ. ಅಂಚಿನ ಲೈನ್‌ಮನ್, ಅಂದರೆ ಟ್ಯಾಕಲ್, ತನ್ನ ಹೊರಗಾಲನ್ನು ಎಂದಿಗಿಂತ ಅರ್ಧ ಅಡಿ ಹಿಂದಿಟ್ಟರೆ ಅದೂ ಪಾಸ್‌ನ ಸೂಚನೆ. ಅನುಭವಿ ಲೈನ್‌ಬ್ಯಾಕರ್ (ರಕ್ಷಕರ ಮೊದಲ ಸಾಲಿನ ಹಿಂದೆ ನಿಲ್ಲುವವನು) ಇದನ್ನು ಓದಿ ಸ್ನ್ಯಾಪ್‌ಗೆ ಮೊದಲೇ ಜೊತೆಯವರಿಗೆ ಕೂಗಿ ಹೇಳುತ್ತಾನೆ. ರಿಸೀವರ್‌ಗಳ ಕಾಲನ್ನೂ ಬಿಡಬೇಡಿ: ಚೆಂಡು ತನ್ನ ಕಡೆ ಬರುವುದಿಲ್ಲವೆಂದು ತಿಳಿದಿರುವ ಹುಡುಗ ಓಟದ ನಡೆಯಲ್ಲಿ ಮೊದಲ ಎರಡು ಹೆಜ್ಜೆಗಳನ್ನು ಆಲಸ್ಯದಿಂದ ಇಡುತ್ತಾನೆ, ಮತ್ತು ಅವನ ಎದುರಿನ ಕಾರ್ನರ್‌ಬ್ಯಾಕ್‌ಗೆ ಅಷ್ಟು ಸಾಕು. ಇವೆಲ್ಲಕ್ಕೂ ಮದ್ದು ಅಭ್ಯಾಸದ ಅಂಗಳದಲ್ಲಿದೆ. ಕರೆಯುವ ಪಟ್ಟಿಯನ್ನು ಎಷ್ಟು ಬದಲಿಸಿದರೂ ಈ ದೋಷ ಹೋಗುವುದಿಲ್ಲ.

ಪ್ಲೇ ಆಕ್ಷನ್ ಫಲಿಸದಿದ್ದರೆ

ಓಟದಂತೆ ನಟಿಸಿ ಪಾಸ್ ಎಸೆಯುವ ಪ್ಲೇ ಆಕ್ಷನ್ ಕೆಲಸ ಮಾಡುತ್ತಿಲ್ಲವೆಂದಾಗ ಸಿಗುವ ಸಿದ್ಧ ಸಲಹೆ, ಮೊದಲು ಓಟವನ್ನು ಹೆಚ್ಚಿಸಿ, ಆಮೇಲೆ ನಟನೆಗೆ ಬೆಲೆ ಬರುತ್ತದೆ ಎಂಬುದು. ಆದರೆ ಎನ್‌ಎಫ್‌ಎಲ್‌ನ ನಡೆಗಳ ದತ್ತಾಂಶವನ್ನು ಪರಿಶೀಲಿಸಿದ ವಿಶ್ಲೇಷಕರಿಗೆ, ತಂಡ ಎಷ್ಟು ಸಲ ಓಡುತ್ತದೆ ಎಂಬುದಕ್ಕೂ ಅದರ ಪ್ಲೇ ಆಕ್ಷನ್ ಎಷ್ಟು ಫಲಿಸುತ್ತದೆ ಎಂಬುದಕ್ಕೂ ಗಟ್ಟಿಯಾದ ಸಂಬಂಧ ಕಂಡಿಲ್ಲ. ಇದರ ಕಾರಣ ಲೈನ್‌ಬ್ಯಾಕರ್‌ನ ತರಬೇತಿಯಲ್ಲಿದೆ ಎಂದು ನನಗನಿಸುತ್ತದೆ. ಅವನು ಓಟಗಳನ್ನು ಎಣಿಸುತ್ತಾ ನಿಂತಿರುವುದಿಲ್ಲ. ಗಾರ್ಡ್‌ನ ಹೆಲ್ಮೆಟ್ ಕೆಳಗೆ ಹೋಯಿತೇ, ಮೇಲೆದ್ದಿತೇ ಎಂಬುದನ್ನು ನೋಡಿ ಕಾಲು ಎತ್ತುತ್ತಾನೆ. ಆದ್ದರಿಂದ ವಿಡಿಯೊದಲ್ಲಿ ನಟನೆಯ ಕ್ಷಣಕ್ಕೆ ಹೋಗಿ ಲೈನ್‌ಬ್ಯಾಕರ್‌ಗಳ ಪಾದ ನೋಡಿ. ಎರಡು ಹೆಜ್ಜೆ ಮುಂದೆ ಬಂದಿದ್ದರೆ ನಟನೆ ಫಲಿಸಿದೆ, ದೋಷ ಅದರ ಮುಂದಿನ ಎಸೆತದಲ್ಲೋ ರಿಸೀವರ್‌ನ ದಾರಿಯಲ್ಲೋ ಇದೆ. ಅಲುಗಾಡದೆ ನಿಂತಿದ್ದರೆ, ನಮ್ಮ ಲೈನ್‌ಮನ್‌ಗಳು ಮೊದಲ ಹೆಜ್ಜೆಗೇ ನೆಟ್ಟಗೆ ಎದ್ದು ನಿಂತು ಗುಟ್ಟು ಬಿಟ್ಟುಕೊಟ್ಟಿದ್ದಾರೆ.

ಮುನ್ನಡೆಯನ್ನು ಕಾಯುವಾಗ

ಸಮತೋಲನದ ದೋಷಕ್ಕೆ ಅತಿ ಹೆಚ್ಚು ಉದಾಹರಿಸಲಾಗುವ ಪಂದ್ಯ, 2017ರ ಫೆಬ್ರವರಿ 5ರಂದು ಹ್ಯೂಸ್ಟನ್‌ನಲ್ಲಿ ನಡೆದ 51ನೇ ಸೂಪರ್ ಬೌಲ್. ಅಟ್ಲಾಂಟಾ ಫಾಲ್ಕನ್ಸ್ ಮೂರನೇ ಕ್ವಾರ್ಟರ್‌ನಲ್ಲಿ 28–3ರಿಂದ ಮುಂದಿದ್ದು, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್‌ಗೆ ಹೆಚ್ಚುವರಿ ಅವಧಿಯಲ್ಲಿ 34–28ರಿಂದ ಸೋತಿತು. ಆ ತಂಡದ ಒಟ್ಟು ಲೆಕ್ಕ ನೋಡಿದರೆ 18 ಓಟಗಳಿಂದ 104 ಯಾರ್ಡ್, 23 ಪಾಸ್‌ಗಳು, 5 ಸ್ಯಾಕ್‌ಗಳು. ಓಟಕ್ಕೆ ಸರಾಸರಿ 5.8 ಯಾರ್ಡ್ ಬಂದಿದೆ. ಇನ್ನಷ್ಟು ಓಡಬಹುದಿತ್ತು ಎಂಬುದು ನಿಜ, ಆದರೆ ಈ ಸಂಖ್ಯೆಗಳಲ್ಲಿ ಸೋಲಿನ ಕಾರಣ ಕಾಣುವುದಿಲ್ಲ. ಅದು ಕಾಣುವುದು ಎರಡು ಕಡೆ ಮಾತ್ರ.

ಮೊದಲನೆಯದು, ನಾಲ್ಕನೇ ಕ್ವಾರ್ಟರ್‌ನಲ್ಲಿ ಎಂಟೂವರೆ ನಿಮಿಷ ಉಳಿದು 28–12 ಇದ್ದಾಗ ಬಂದ ಮೂರನೇ ಡೌನ್. ಬೇಕಾದದ್ದು ಒಂದೇ ಯಾರ್ಡ್. ಕರೆದದ್ದು ಪಾಸ್, ರನ್ನಿಂಗ್ ಬ್ಯಾಕ್‌ನ ತಡೆ ತಪ್ಪಿ, ಡಾಂಟಾ ಹೈಟವರ್ ಕ್ವಾರ್ಟರ್‌ಬ್ಯಾಕ್ ಮ್ಯಾಟ್ ರಯನ್‌ನ ಕೈಯಿಂದ ಚೆಂಡನ್ನು ಬೀಳಿಸಿದರು. ಎರಡನೆಯದು ಇನ್ನೂ ಸ್ಪಷ್ಟವಾದದ್ದು. 28–20 ಇದ್ದಾಗ ಹೂಲಿಯೊ ಜೋನ್ಸ್ ಹಿಡಿದ ಅಸಾಧಾರಣ ಕ್ಯಾಚ್‌ನಿಂದ ಅಟ್ಲಾಂಟಾ ಎದುರಾಳಿಯ 22 ಯಾರ್ಡ್ ಗೆರೆಯಲ್ಲಿ ನಿಂತಿತು. ಐದು ನಿಮಿಷಕ್ಕಿಂತ ಕಡಿಮೆ ಸಮಯವಿತ್ತು. ಅಲ್ಲಿಂದ ಫೀಲ್ಡ್ ಗೋಲ್‌ನ (ಚೆಂಡನ್ನು ಕಂಬಗಳ ನಡುವೆ ಒದೆಯುವುದರ) ದೂರ ಸುಮಾರು 40 ಯಾರ್ಡ್, ಮತ್ತು ಆ 3 ಅಂಕಗಳು ಬಂದಿದ್ದರೆ ಅಂತರ 11 ಆಗಿ ಪೇಟ್ರಿಯಟ್ಸ್‌ಗೆ ಚೆಂಡು ಎರಡು ಸಲ ಬೇಕಾಗುತ್ತಿತ್ತು. ಮೊದಲ ಡೌನ್‌ನ ಓಟ ಒಂದು ಯಾರ್ಡ್ ಹಿಂದೆ ಹೋಯಿತು. ಎರಡನೆಯದರಲ್ಲಿ ಪಾಸ್‌ಗೆ ಹೋಗಿ 12 ಯಾರ್ಡ್ ನಷ್ಟದ ಸ್ಯಾಕ್. ಬಳಿಕ ಹಿಡಿದೆಳೆದದ್ದಕ್ಕೆ 10 ಯಾರ್ಡ್ ದಂಡ. ಕೊನೆಗೆ ಫೀಲ್ಡ್ ಗೋಲ್‌ನ ಮಾತೇ ಇಲ್ಲದೆ ಪಂಟ್, ಅಂದರೆ ಚೆಂಡನ್ನು ದೂರ ಒದ್ದು ಎದುರಾಳಿಗೆ ಒಪ್ಪಿಸಿದ್ದು. ಇಲ್ಲಿ ಬೇಕಾಗಿದ್ದುದು ಅನುಪಾತದ ತಿದ್ದುಪಡಿಯಲ್ಲ. ಯಾವ ನಡೆಯ ಕೆಟ್ಟ ಫಲವನ್ನು ನಾವು ತಾಳಿಕೊಳ್ಳಬಲ್ಲೆವು ಎಂಬ ಪ್ರಶ್ನೆಯನ್ನು ಪ್ರತಿ ಡೌನ್‌ಗೆ ಮೊದಲು ಕೇಳಿಕೊಳ್ಳಬೇಕಿತ್ತು. ಮೈದಾನದ ಒಳಗೇ ಮುಗಿಯುವ ವಿಫಲ ಓಟ ಗಡಿಯಾರವನ್ನು ಓಡಿಸುತ್ತದೆ ಮತ್ತು ಹೆಚ್ಚೆಂದರೆ ಎರಡು ಮೂರು ಯಾರ್ಡ್ ಕಳೆಯುತ್ತದೆ. ಕೈಗೂಡದ ಪಾಸ್ ಗಡಿಯಾರವನ್ನು ನಿಲ್ಲಿಸುತ್ತದೆ, ಸ್ಯಾಕ್ ಮೂರು ಅಂಕಗಳನ್ನೇ ಕಸಿಯಬಲ್ಲದು. ನಿಮ್ಮ ತಂಡದ ಹಾಳೆಯಲ್ಲಿ ಮುನ್ನಡೆಯಿರುವ ಕೊನೆಯ ಕ್ವಾರ್ಟರ್‌ನ ನಡೆಗಳನ್ನು ಬೇರೆ ತೆಗೆದು ಈ ಪ್ರಶ್ನೆಯನ್ನು ಹಾಕಿ ನೋಡಿ.

ಇದಕ್ಕೆ ಎರಡು ವರ್ಷ ಮೊದಲಿನ 49ನೇ ಸೂಪರ್ ಬೌಲ್‌ನಲ್ಲಿ ಸಿಯಾಟಲ್ ಸೀಹಾಕ್ಸ್ ಗೋಲ್ ಗೆರೆಗೆ ಒಂದು ಯಾರ್ಡ್ ದೂರದಿಂದ ಪಾಸ್ ಎಸೆದು ಚೆಂಡನ್ನು ಎದುರಾಳಿ ಪೇಟ್ರಿಯಟ್ಸ್‌ನ ಮಾಲ್ಕಮ್ ಬಟ್ಲರ್‌ಗೆ ಒಪ್ಪಿಸಿದ್ದನ್ನೂ ಇದೇ ದೋಷದ ಪಟ್ಟಿಗೆ ಸೇರಿಸುತ್ತಾರೆ. ನಾನು ಸೇರಿಸುವುದಿಲ್ಲ. 26 ಸೆಕೆಂಡ್, ಒಂದೇ ಟೈಮ್‌ಔಟ್ ಉಳಿದಿದ್ದಾಗ ಉಳಿದ ಮೂರೂ ಡೌನ್‌ಗಳಲ್ಲಿ ಓಡುವಷ್ಟು ಸಮಯವನ್ನು ನೆಚ್ಚಿಕೊಳ್ಳುವಂತಿರಲಿಲ್ಲ. ಎಲ್ಲೋ ಒಂದು ಕಡೆ ಪಾಸ್ ಬರಲೇಬೇಕಿತ್ತು. ಜನ ಗಿಜಿಗುಡುವ ನಡುಭಾಗಕ್ಕೆ ಅದನ್ನು ಎಸೆದದ್ದು ಪ್ರಶ್ನಿಸಬೇಕಾದ ವಿಷಯ. ಫಲ ಕೆಟ್ಟದ್ದಾಯಿತೆಂದು ನಡೆಯ ಬಗೆಯನ್ನೇ ದೂರಿದರೆ ಮುಂದಿನ ಸಲ ಸರಿಯಾದ ಆಯ್ಕೆಯೂ ಕೈತಪ್ಪುತ್ತದೆ.

ಮುಟ್ಟದೆ ಬಿಡಬೇಕಾದ ತಂಡಗಳು

ಆರ್ಮಿ, ನೇವಿ ಮತ್ತು ಏರ್ ಫೋರ್ಸ್ ಅಕಾಡೆಮಿಗಳ ತಂಡಗಳು ಆಪ್ಷನ್ ಪದ್ಧತಿಯ ಮೇಲೆ ನಿಂತು ಬಹುತೇಕ ಓಟವನ್ನೇ ಆಡಿ ತಮಗಿಂತ ದಷ್ಟಪುಷ್ಟ ಎದುರಾಳಿಗಳನ್ನು ಕಾಡಿವೆ. ಟೆಕ್ಸಸ್ ಟೆಕ್ ಮತ್ತು ವಾಷಿಂಗ್ಟನ್ ಸ್ಟೇಟ್ ಕಾಲೇಜು ತಂಡಗಳಲ್ಲಿ ತರಬೇತುದಾರ ಮೈಕ್ ಲೀಚ್ ಅವರ ಏರ್ ರೇಡ್ ತಂಡಗಳು ಇದಕ್ಕೆ ತದ್ವಿರುದ್ಧವಾಗಿ ಪಾಸ್ ಮೇಲೆ ಪಾಸ್ ಎಸೆದವು. ಚೆಂಡು ಮುಟ್ಟಬಲ್ಲ ಪ್ರತಿಯೊಬ್ಬನ ಕೈಗೂ ಅದು ತಲುಪುವುದೇ ಸಮತೋಲನ ಎಂದು ಅವರು ವಾದಿಸುತ್ತಿದ್ದರು. ಆಪ್ಷನ್ ನಡೆಯಲ್ಲಿ ಚೆಂಡು ಮಧ್ಯಕ್ಕೆ, ಅಂಚಿಗೆ ಅಥವಾ ಕ್ವಾರ್ಟರ್‌ಬ್ಯಾಕ್‌ನಲ್ಲೇ ಉಳಿಯಬಹುದಾದ್ದರಿಂದ ಎದುರಾಳಿಗೆ ಊಹೆ ಅಷ್ಟೇ ಕಷ್ಟ. ಇಂಥ ತಂಡದಲ್ಲಿ ಅನುಪಾತ ಹತ್ತಕ್ಕೆ ಒಂದಿದ್ದರೂ ಅದನ್ನು ದೋಷವೆಂದು ಬರೆಯಬೇಡಿ. ಮೇಲೆ ಹೇಳಿದ ಸಫಲತೆಯ ಗುರುತುಗಳು ಕುಸಿದಾಗ ಮಾತ್ರ ಒಳಗೆ ನೋಡಿ.

ತಿದ್ದಿದ ಮೇಲೆ

ಒಂದು ವಾರಕ್ಕೆ ಒಂದೇ ಬದಲಾವಣೆ ಮಾಡಿ. ಗಾರ್ಡ್‌ಗಳ ಭಂಗಿ, ಎರಡನೇ ಡೌನ್‌ನ ಅಭ್ಯಾಸ, ಹೊಸ ಆರ್‌ಪಿಒ ಮೂರನ್ನೂ ಒಟ್ಟಿಗೆ ತಂದರೆ ಯಾವುದು ಫಲಿಸಿತೆಂದು ತಿಳಿಯುವುದಿಲ್ಲ. ಒಂದು ಪಂದ್ಯದ ಒತ್ತಡವಿಲ್ಲದ ಮೊದಲ ಡೌನ್‌ಗಳು ಹದಿನೈದರ ಆಸುಪಾಸು ಸಿಗಬಹುದು. ಅಷ್ಟರಿಂದ ತೀರ್ಮಾನಕ್ಕೆ ಬರದೆ ಕನಿಷ್ಠ ಮೂರು ಪಂದ್ಯಗಳ ಗುರುತುಗಳನ್ನು ಒಟ್ಟುಗೂಡಿಸಿ. ಆ ಪಂದ್ಯಗಳಲ್ಲಿ ಮೂರನೇ ಡೌನ್‌ಗೆ ಉಳಿಯುತ್ತಿರುವ ದೂರವನ್ನು ಪ್ರತಿ ಸಲವೂ ಬರೆದಿಡಿ. ಅದು ಏಳೆಂಟು ಯಾರ್ಡ್‌ಗಳಿಂದ ನಾಲ್ಕೈದಕ್ಕೆ ಇಳಿಯುತ್ತಿದ್ದರೆ ತಿದ್ದುಪಡಿ ಸರಿಯಾದ ಜಾಗಕ್ಕೆ ಬಿದ್ದಿದೆ. ಇಳಿಯದೆ ಅಲ್ಲೇ ನಿಂತಿದ್ದರೆ, ಮೊದಲ ಡೌನ್‌ನ ವಿಡಿಯೊವನ್ನು ಮತ್ತೆ ತೆರೆದು ಸ್ನ್ಯಾಪ್‌ನ ಕ್ಷಣದಲ್ಲಿ ಬಾಕ್ಸ್‌ನೊಳಗಿನ ರಕ್ಷಕರನ್ನು ಎಣಿಸುವಲ್ಲಿಂದ ಪುನಃ ಆರಂಭಿಸಿ.